ಶಹಾಪುರದ ಹಳೇ ಮನೆ, ಐದನೇ ಸಹಿ

ಮನೆ ನೋಡಲು ಹೋದ ಮೊದಲ ದಿನ ನಾನು ಕೋಣೆ ಎಣಿಸಲಿಲ್ಲ, ಒಲೆ ಎಣಿಸಿದೆ. ನಾಲ್ಕಿದ್ದವು. ಕೆಳಗೆ ಎರಡು ಅಡುಗೆಮನೆ, ಮಾಳಿಗೆಯ ಮೇಲೆ ಒಂದು, ಹಿತ್ತಿಲಲ್ಲಿ ಬಾವಿಕಟ್ಟೆಯ ಪಕ್ಕ ಸ್ನಾನದ ನೀರು ಕಾಯಿಸುವ ಹಂಡೆಯೊಲೆ.

"ಇಷ್ಟ್ ಒಲಿ ಇರೋ ಮನಿ ಬ್ಯಾಡ ಬಿಡವಾ, ಜಗಳ ಜಾಸ್ತಿ" ಅಂದಳು ಅವ್ವ.

ತಮ್ಮ ನಕ್ಕ. ನಮಗೆ ಬೇಕಾಗಿದ್ದೇ ಅಂಥದ್ದು. ನನ್ನ ಸಂಸಾರ, ತಮ್ಮನ ಸಂಸಾರ, ಅವ್ವ. ಒಂದೇ ತಲೆಬಾಗಿಲು, ಬೇರೆ ಬೇರೆ ಒಲೆ.

ಅದು 2022ರ ಜುಲೈ. ನಾನು ಪುಣೆಯ ಕಂಪನಿಯೊಂದಕ್ಕೆ ಬೆಳಗಾವಿಯಿಂದಲೇ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುತ್ತಿದ್ದೆ. ತಮ್ಮನದು ಉದ್ಯಮಬಾಗದಲ್ಲಿ ನೌಕರಿ. ಇಬ್ಬರೂ ಟಿಳಕವಾಡಿಯಲ್ಲಿ ಎರಡು ಬೇರೆ ಬಾಡಿಗೆ ಮನೆಗಳಲ್ಲಿ ಇದ್ದೆವು. ಅವ್ವ ಮಾತ್ರ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ, ನಮ್ಮೂರಲ್ಲಿ, ಒಬ್ಬಳೇ. ಇಬ್ಬರಿಗೆ ಎರಡು ಫ್ಲ್ಯಾಟ್ ಅಂದರೆ ನಮ್ಮ ಲೆಕ್ಕಕ್ಕೆ ಕೋಟಿ ದಾಟುತ್ತಿತ್ತು. ಆಮೇಲೂ ಅವ್ವ ಯಾರ ಫ್ಲ್ಯಾಟಿನಲ್ಲಿ ಇರಬೇಕು ಎಂಬ ಪ್ರಶ್ನೆ ಉಳಿಯುತ್ತಿತ್ತು. ಹಳೇ ಪೇಟೆಯಲ್ಲಿ ಒಂದು ದೊಡ್ಡ ಮನೆ ಹಿಡಿಯೋಣ ಎಂಬ ಯೋಚನೆ ಬಂದದ್ದು ಹಾಗೆ.

ಬೆಳಗಾವಿಯವರಿಗೆ ಶಹಾಪುರ ಹೇಳಬೇಕಾಗಿಲ್ಲ. ಉಳಿದವರಿಗೆ ಒಂದು ಮಾತು: ಈಗ ಊರಿನೊಳಗೇ ಸೇರಿಹೋಗಿರುವ ಈ ಪೇಟೆ ಸಂಸ್ಥಾನಗಳು ವಿಲೀನವಾಗುವ ತನಕ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಬೆಳಗಾವಿ ಬ್ರಿಟಿಷರದ್ದು, ಇದು ಪಟವರ್ಧನರದ್ದು. ಸೀರೆ ನೇಯುವವರು, ಚಿನ್ನದ ಕೆಲಸದವರು, ವ್ಯಾಪಾರಿಗಳು ಕಟ್ಟಿದ ಪೇಟೆ. ಖಡೇಬಜಾರಿಗೆ ತಾಗಿದ ಗಲ್ಲಿಗಳಲ್ಲಿ ಈಗಲೂ ಅಂಥ ಮನೆಗಳಿವೆ. ರಸ್ತೆಗೆ ಕಾಣುವುದು ಹನ್ನೆರಡು ಹದಿಮೂರು ಅಡಿ, ಒಳಗೆ ಹೋದರೆ ರೈಲು ಡಬ್ಬಿಯಂತೆ ಉದ್ದ. ಕಟ್ಟೆ, ಪಡಸಾಲೆ, ನಡುವೆ ಬೆಳಕು ಬೀಳುವ ಅಂಗಳ, ಅದರಾಚೆ ಅಡುಗೆಮನೆ, ಹಿತ್ತಿಲು, ಬಾವಿ. ಕೆಂಪು ಜಂಬಿಟ್ಟಿಗೆಯ ಎರಡಡಿ ದಪ್ಪದ ಗೋಡೆ, ಸಾಗವಾನಿ ತೊಲೆ, ಮಂಗಳೂರು ಹಂಚು. ನಾವು ನೋಡಿದ ಮನೆ ಎರಡು ಗುಂಟೆಗಿಂತ ಚೂರು ಹೆಚ್ಚು. ಕೇಳಿದ್ದು 78 ಲಕ್ಷ.

ದಲಾಲಿ "ಡಿಸೆಂಬರದಾಗ ಬಂದು ನೋಡ್ರಿ, ಈಗ ಮಳಿ" ಅಂದಿದ್ದ. ನಾವು ಬೇಕಂತಲೇ ಮಳೆಯಲ್ಲಿ ಹೋದೆವು. ನಿಮಗೂ ಇದನ್ನೇ ಹೇಳುತ್ತೇನೆ. ಹಳೇ ಮನೆಯನ್ನು ಆಷಾಢದಲ್ಲಿ ನೋಡಿ, ಸಾಧ್ಯವಾದರೆ ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ ನೋಡಿ. ಬಿಸಿಲಲ್ಲಿ ಎಲ್ಲ ಹಂಚೂ ಚಂದ. ನಾವು ಹೋದಾಗ ಮಾಳಿಗೆಯಲ್ಲಿ ಐದು ಕಡೆ ಪಾತ್ರೆ ಇಟ್ಟಿದ್ದರು, ಒಂದೊಂದು ಪಾತ್ರೆಗೆ ಒಂದೊಂದು ದನಿ. ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕಂದು ಗೆರೆಯೊಂದು ಅಡ್ಡಡ್ಡ ಹೋಗಿತ್ತು. 2019ರ ಆಗಸ್ಟ್ ಮಳೆಯದ್ದು. ಆ ಗೆರೆಯ ಮೇಲೆ ಯಾರೋ ಬಣ್ಣ ಬಳಿದಿದ್ದರು, ಗೆರೆ ಮತ್ತೆ ಮೇಲೆದ್ದು ಬಂದಿತ್ತು.

ಗೋಡೆಯ ವಿಷಯದಲ್ಲಿ ನಮ್ಮ ಜಿಲ್ಲೆಯವರು ಹಗುರವಾಗಿ ಮಾತಾಡುವಂತಿಲ್ಲ. 2021ರ ಅಕ್ಟೋಬರ್‌ನಲ್ಲಿ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಹಳೇ ಮನೆಯ ಗೋಡೆ ಬಿದ್ದು ಏಳು ಜನ ಸತ್ತರು. ಅದು ನೆನಪಿನಲ್ಲಿತ್ತು. ಅದಕ್ಕೇ ವಕೀಲರಿಗಿಂತ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋದೆವು. ಆ ಮನುಷ್ಯ ಗೋಡೆಯ ಕಡೆ ಹೆಚ್ಚು ನೋಡಲೇ ಇಲ್ಲ. ಒಂದು ಸಣ್ಣ ಸುತ್ತಿಗೆ ಹಿಡಿದು ತೊಲೆಗಳ ತುದಿ, ಅಂದರೆ ಗೋಡೆಯೊಳಗೆ ಸೇರಿಕೊಂಡಿರುವ ಭಾಗವನ್ನು, ಒಂದೊಂದಾಗಿ ಬಡಿಯುತ್ತ ಹೋದರು. ನಡುವೆ ತೊಲೆ ಎಷ್ಟೇ ಗಟ್ಟಿ ಕಂಡರೂ ಕೊಳೆಯುವುದು ಅಲ್ಲೇ, ಗೋಡೆಯ ತೇವ ಹೀರಿಕೊಂಡು. ನಾಲ್ಕು ತೊಲೆಗಳ ತುದಿ ಟಕ್ ಅನ್ನದೆ ಡಬ್ ಅಂದವು. ಇನ್ನೊಂದು ಮಾತು ಹೇಳಿದರು: ಜಂಬಿಟ್ಟಿಗೆ ಗೋಡೆಗೆ ಸುಣ್ಣದ ಗಾರೆ ಇದ್ದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಗೋಡೆಯ ಮಣ್ಣು ಮೆತ್ತಗಾಗುತ್ತದೆ. ಈ ಮನೆಯ ಹಿಂಭಾಗಕ್ಕೆ ಯಾರೋ ಚಂದ ಕಾಣಲಿ ಎಂದು ಸಿಮೆಂಟ್ ಬಳಿಸಿದ್ದರು. ರಿಪೇರಿಗೆ 13–14 ಲಕ್ಷ ಇಟ್ಟುಕೊಳ್ಳಿ, ಉಳಿದಂತೆ ಮನೆ ನಿಲ್ಲುತ್ತದೆ ಅಂದರು. ಬ್ಯಾಂಕಿನ ಮೌಲ್ಯಮಾಪಕರು ಮಾತ್ರ ಕಟ್ಟಡಕ್ಕೆ ಹೆಚ್ಚುಕಡಿಮೆ ಸೊನ್ನೆ ಬೆಲೆ ಕಟ್ಟಿ, ಜಾಗದ ಮೇಲಷ್ಟೇ ಸಾಲದ ಲೆಕ್ಕ ಹಾಕಿದರು. ಹಳೇ ಮನೆ ಕೊಳ್ಳುವವರು ಕೈಯಿಂದ ಹಾಕುವ ದುಡ್ಡು ಹೊಸ ಫ್ಲ್ಯಾಟಿಗಿಂತ ಹೆಚ್ಚಿರಬೇಕಾಗುತ್ತದೆ, ಇದನ್ನು ಮೊದಲೇ ತಿಳಿದಿರಿ.

ಇಷ್ಟೆಲ್ಲ ಗೋಡೆಯ ಮಾತಾಯಿತು. ಒಲೆಯ ಮಾತಿಗೆ ಬರುತ್ತೇನೆ.

ನಾಲ್ಕು ಒಲೆಗಳಲ್ಲಿ ಎರಡು ಬಾಡಿಗೆದಾರರದ್ದು. ಮಾಳಿಗೆಯಲ್ಲಿ ಒಬ್ಬ ಶಿಕ್ಷಕ ದಂಪತಿ, ಹನ್ನೊಂದು ತಿಂಗಳ ಕರಾರಿನವರು, ಅವರಿಗೆ ಹೇಗೂ ವರ್ಗವಾಗಿತ್ತು. ಕೆಳಗೆ ಅಂಗಳದ ಎಡಕ್ಕೆ ಎರಡು ಕೋಣೆಯಲ್ಲಿ ಆಯಿ. ಹೆಸರು ಬೇಡ, ಗಲ್ಲಿಯವರೆಲ್ಲ ಕರೆಯುವುದೂ ಆಯಿ ಅಂತಲೇ. ಎಪ್ಪತ್ತನಾಲ್ಕು ವರ್ಷ, ಫೌಂಡ್ರಿಯಲ್ಲಿ ಕೆಲಸ ಮಾಡುವ ಒಬ್ಬ ಮಗ. 1979ರಿಂದ ಅದೇ ಎರಡು ಕೋಣೆ. ಬಾಡಿಗೆ ತಿಂಗಳಿಗೆ 400 ರೂಪಾಯಿ. ನನ್ನ ಫೋನ್ ಬಿಲ್‌ಗಿಂತ ಕಡಿಮೆ.

ಮಾರುವವರು ಮೂವರು ಅಣ್ಣತಮ್ಮಂದಿರು ಮತ್ತು ಒಬ್ಬ ತಂಗಿ. ಹಿರಿಯಣ್ಣ ಮೊದಲ ಭೇಟಿಯಲ್ಲೇ ಹೇಳಿದರು: "ಮುದುಕೀದು ಚಿಂತಿ ಮಾಡಬ್ಯಾಡ್ರಿ. ಮೂರು ತಿಂಗಳದಾಗ ಖಾಲಿ ಮಾಡಿಸಿ ಕೊಡ್ತೇವಿ. ನಳಾ ಬಂದ್ ಮಾಡಿದ್ರ ತಾನs ಹೋಗ್ತಾಳ."

ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎಂಬುದನ್ನು ಬಚ್ಚಿಡುವುದಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಆ ಎರಡು ಕೋಣೆಯಲ್ಲಿ ನನ್ನ ಮೇಜು ಎಲ್ಲಿ ಹಾಕಬಹುದು ಎಂದೇ ಯೋಚಿಸುತ್ತಿದ್ದೆ.

ವಕೀಲರು ಆ ಯೋಚನೆಗೆ ತಡೆ ಹಾಕಿದರು. ಬಾಡಿಗೆದಾರರಿದ್ದ ಮನೆ ಕೊಂಡರೆ ಬಾಡಿಗೆ ಮುರಿಯುವುದಿಲ್ಲ, ಹಳೇ ಮಾಲೀಕನ ಜಾಗಕ್ಕೆ ನೀವು ಬಂದು ನಿಲ್ಲುತ್ತೀರಿ ಅಷ್ಟೇ. ಆಯಿಯಂಥ ಕಡಿಮೆ ಬಾಡಿಗೆಯ ಹಳೇ ಬಾಡಿಗೆದಾರರಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇದೆ. ಬಿಡಿಸಬೇಕೆಂದರೆ ಕಾಯ್ದೆ ಹೇಳುವ ಕಾರಣ ಬೇಕು, ಕೋರ್ಟಿನ ಆದೇಶ ಬೇಕು. ನೀರು, ಕರೆಂಟು ಕಡಿಯುವುದು ಅಪರಾಧ. "ಅವರು ಖಾಲಿ ಮಾಡಿಸಿ ಕೊಡ್ತೇವಿ ಅಂದ್ರ ಹೆಂಗ್ ಮಾಡಸ್ತಾರ ಅಂತ ಕೇಳ್ರಿ. ಆ ಪಾಪ ನಿಮ್ಮ ಖಾತೇಕ್ಕ ಜಮಾ ಆಗ್ತದ" ಅಂದರು. ವಕೀಲರ ಬಾಯಲ್ಲಿ ಪಾಪ ಎಂಬ ಪದ ಕೇಳಿದ್ದು ಅದೇ ಮೊದಲು.

ಹಾಗಾಗಿ ಆಯಿಯನ್ನು ಕಂಡು ಮಾತಾಡೋಣ ಎಂದು ಒಂದು ಶನಿವಾರ ಮಧ್ಯಾಹ್ನ ನಾನೊಬ್ಬಳೇ ಹೋದೆ. ಆಕೆಗೆ ನಾನು ಯಾರೆಂದು ಗೊತ್ತಿತ್ತು. ಗಲ್ಲಿಯಲ್ಲಿ ಸುದ್ದಿ ನಮಗಿಂತ ಮುಂಚೆ ಓಡಾಡುತ್ತದೆ. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ಬೆಳಗಾವಿಯ ಹಳೇ ಮಂದಿ ಮಾತಾಡುವ ಹಾಗೆ, ಮನೆಯ ಕಥೆ ಹೇಳುತ್ತ ಹೋದರು. ಬಾವಿ ಯಾವ ವರ್ಷ ಬತ್ತಿತ್ತು, ಮಾಲಕರು ಯಾವ ಮೂಲೆಯಲ್ಲಿ ಹೊಲಿಗೆ ಮಷಿನ್ ಇಟ್ಟಿದ್ದರು, ಗಣಪತಿ ಎಲ್ಲಿ ಕೂರುತ್ತಿದ್ದ. ಮಧ್ಯೆ ಒಂದು ಮಾತು ಬಂತು.

"ಮಾಲಕರ ಐದೂ ಮಕ್ಕಳನ್ನ ನಾ ಆಡಿಸೇನಿ. ಥೋರಲೀದು ಲಗ್ನ ಇದs ಅಂಗಳದಾಗ ಆತು."

ಥೋರಲಿ ಅಂದರೆ ಹಿರಿಯ ಮಗಳು. ಐದು ಮಕ್ಕಳು. ನಮಗೆ ಕೊಟ್ಟ ವಂಶಾವಳಿಯಲ್ಲಿ ಇದ್ದದ್ದು ನಾಲ್ಕು.

ಬೆಂಗಳೂರಿನ ಗೆಳತಿಯರು ಮನೆ ಅಂದಕೂಡಲೇ "ಖಾತಾ ಇದೆಯಾ" ಅನ್ನುತ್ತಾರೆ. ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಕಡೆಯ ಹಳೇ ಪೇಟೆಗಳಲ್ಲಿ ಮೊದಲ ಪ್ರಶ್ನೆ "ಸಿಟಿಎಸ್ ನಂಬರ್ ಎಷ್ಟು". ಸಿಟಿ ಸರ್ವೆ ಮಾಡಿ ಪ್ರತಿ ಜಾಗಕ್ಕೆ ಕೊಟ್ಟ ಆ ಸಂಖ್ಯೆ ಹಿಡಿದು ಪ್ರಾಪರ್ಟಿ ಕಾರ್ಡ್ ತೆಗೆಸಬೇಕು. ನಾವು ತೆಗೆಸಿದ್ದೆವು. ತಂದೆ 1968ರಲ್ಲಿ ಮನೆ ಕೊಂಡದ್ದು, ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳ ಹೆಸರು ಏರಿದ್ದು ಅದರಲ್ಲಿತ್ತು. ಕಿರಿಯ ತಂಗಿಯನ್ನು ಬ್ಯಾಂಕ್ ಕೇಳಿದ ಮೇಲೆ ವಂಶಾವಳಿಗೆ ಸೇರಿಸಿದ್ದರು. ಹಿರಿಯಕ್ಕನ ಹೆಸರು ಎಲ್ಲೂ ಇರಲಿಲ್ಲ. ಋಣಭಾರ ಪತ್ರ ಆನ್‌ಲೈನ್‌ನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು, ಹಿಂದಿನದಕ್ಕೆ ಕಚೇರಿಗೆ ಅಲೆಯಬೇಕು. ಅಲೆದು ಮೂವತ್ತು ವರ್ಷದ್ದು ತೆಗೆಸಿದ್ದೆವು. 1968ಕ್ಕಿಂತ ಹಿಂದಿನ ಒಂದು ಪತ್ರ ಮೋಡಿ ಲಿಪಿಯಲ್ಲಿತ್ತು, ಅದನ್ನು ಓದಬಲ್ಲ ಒಬ್ಬ ಹಿರಿಯರನ್ನು ಹುಡುಕಿ ಓದಿಸಿದ್ದೆವು. ಇಷ್ಟೆಲ್ಲ ಮಾಡಿಯೂ ನಮಗೆ ಕಾಣದ ಹೆಣ್ಣುಮಗಳೊಬ್ಬಳು ನಾವು ಹೊರಹಾಕಲು ಹೊರಟಿದ್ದ ಮುದುಕಿಯ ಬಾಯಲ್ಲಿ ಸಿಕ್ಕಳು.

ಹಿರಿಯಣ್ಣನನ್ನು ಕೇಳಿದಾಗ ಆತ ಸಿಟ್ಟಾಗಲಿಲ್ಲ, ಆಶ್ಚರ್ಯಪಟ್ಟರು. "ಅಕ್ಕನ್ನ ಮಿರಜಿಗೆ ಕೊಟ್ಟು ನಾಲ್ವತ್ತು ವರ್ಷಾತು. ಮದುವೀಗೆ ಖರ್ಚು ಮಾಡೇವಿ, ಬಂಗಾರ ಹಾಕೇವಿ. ಆಕೀದು ಮುಗದೈತಿ."

ಮುಗಿದಿರಲಿಲ್ಲ. ಇಲ್ಲಿ ಒಂದು ಕಾನೂನಿನ ಮಾತು ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ತಪ್ಪು ತಿಳಿದಿದ್ದೇವೆ. ಹೆಣ್ಣುಮಕ್ಕಳಿಗೆ ಪಾಲು ಅಂದಕೂಡಲೇ ಎಲ್ಲರೂ 2005ರ ತಿದ್ದುಪಡಿ ಅನ್ನುತ್ತಾರೆ. ಅದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ಮಾತು. ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿತು. ಕರ್ನಾಟಕವಂತೂ 1994ರಲ್ಲೇ ತನ್ನದೇ ತಿದ್ದುಪಡಿ ತಂದಿತ್ತು. ಆದರೆ ಈ ಮನೆ ತಂದೆಯ ಸ್ವಂತ ದುಡಿಮೆಯದ್ದು. ಸ್ವಂತ ದುಡಿಮೆಯ ಆಸ್ತಿಯನ್ನು ಬಿಟ್ಟು, ಉಯಿಲು ಬರೆಯದೆ ತೀರಿಕೊಂಡರೆ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಮದುವೆ ಯಾವಾಗ ಆಯಿತು, ಎಷ್ಟು ಬಂಗಾರ ಹಾಕಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ತಾಯಿಯೂ ತೀರಿಹೋಗಿದ್ದರಿಂದ ಈ ಮನೆ ಐದು ಪಾಲು. ಪ್ರಾಪರ್ಟಿ ಕಾರ್ಡಿನಲ್ಲಿ ಹೆಸರು ಏರಿಲ್ಲ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

"ಆಕಿ ಕೇಳಂಗಿಲ್ಲ ಬಿಡ್ರಿ" ಅಂದರು ತಮ್ಮಂದಿರು. ಕೇಳದಿದ್ದರೂ ನಾಳೆ ಆಕೆಯ ಮಕ್ಕಳು ಕೇಳಬಹುದು. ಹಾಗೆ ಕೇಳಿದ ದಿನ ನಾಲ್ಕೇ ಪಾಲು ಕೊಂಡವರು ಆ ಮನೆಗೆ ಹೊರಗಿನವರಾಗುತ್ತಾರೆ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲು ಕೊಂಡ ಹೊರಗಿನವರಿಗೆ ಒಳಗೆ ಬಂದು ಒಟ್ಟಿಗೆ ಇರುವ ಹಕ್ಕು ಕೇಳಲು ಬರುವುದಿಲ್ಲ, ಮೊದಲು ವಿಭಜನೆಯ ದಾವೆ ಹೂಡಬೇಕು. ದುಡ್ಡು ಕೊಟ್ಟು, ಸಾಲದ ಕಂತು ಕಟ್ಟುತ್ತ, ಮನೆಯನ್ನು ಹೊರಗಿನಿಂದ ನೋಡುವ ಸ್ಥಿತಿ. ಮಾರುವ ಕರಾರಿಗೆ ಮುನ್ನ ಕನ್ನಡ, ಮರಾಠಿ ಎರಡೂ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿದೆವು. ಅದಕ್ಕಿಂತ ಮೊದಲು ನಾನು ಮಿರಜಿಗೆ ಹೊರಟೆ.

ಬೆಳಗಾವಿಯಿಂದ ಮಿರಜಿಗೆ ಬೆಳಿಗ್ಗೆಯ ರೈಲು. ಘಟಪ್ರಭಾ, ರಾಯಬಾಗ, ಕುಡಚಿ, ಕೃಷ್ಣೆಯ ಮೇಲಿನ ಸೇತುವೆ. ಮಳೆಗಾಲ ಮುಗಿಯುತ್ತಿತ್ತು, ನೀರು ಇನ್ನೂ ಕೆಂಪಗಿತ್ತು. ಹಿರಿಯಕ್ಕ ಅರವತ್ತು ದಾಟಿದವರು, ಬಾಡಿಗೆ ಮನೆ, ಗಂಡ ಹಾಸಿಗೆ ಹಿಡಿದಿದ್ದರು. ನಾನು ಮನೆಯ ವಿಷಯ ಹೇಳಿದೆ. ಅಳುತ್ತಾರೆ, ಇಲ್ಲವೇ "ನನಗೇನೂ ಬೇಡ" ಅನ್ನುತ್ತಾರೆ ಎಂದುಕೊಂಡಿದ್ದೆ. ಸಿನಿಮಾ ನೋಡಿದ್ದರ ಪರಿಣಾಮ.

ಆಕೆ ಕೇಳಿದ್ದು ಒಂದೇ. "ನಂದು ಎಷ್ಟಾಗ್ತದ?"

ಹೇಳಿದೆ. ಬೆರಳು ಮಡಿಚಿ ಲೆಕ್ಕ ಹಾಕಿ ನೋಡಿಕೊಂಡರು. ಸಹಿ ಮಾಡುತ್ತೇನೆ, ಆದರೆ ಚೆಕ್ ನನ್ನ ಹೆಸರಿಗೇ ಬರಬೇಕು, ತಮ್ಮಂದಿರ ಕೈಯಿಂದ ಬೇಡ ಅಂದರು. ಚಹಾ ಕೊಟ್ಟರು. ಲೋಟ ಹಿಡಿದುಕೊಂಡೇ ನನ್ನನ್ನು ಕೇಳಿದರು: "ನಿನ್ನ ಅಪ್ಪಂದು ಹೊಲಾ ಮನೀ ಅದಾವೇನವ್ವಾ? ನಿಂದು ನೀ ಇಟಗೊಂಡೀಯೇನು?"

ನಾನು ಉತ್ತರ ಕೊಡಲಿಲ್ಲ. ವಾಪಸ್ ರೈಲಿನಲ್ಲಿ ಲ್ಯಾಪ್‌ಟಾಪ್ ತೆಗೆದು ಮುಚ್ಚಿದೆ.

ಅಪ್ಪ ತೀರಿಕೊಂಡದ್ದು 2011ರಲ್ಲಿ. ಮರುವರ್ಷ ನನಗೆ ಇಪ್ಪತ್ತನಾಲ್ಕು, ಹೊಸ ನೌಕರಿ. ಖಾನಾಪುರದ ನೋಂದಣಿ ಕಚೇರಿಯಲ್ಲಿ ಅವ್ವ, ನಾನು ಇಬ್ಬರೂ ಹಲಸಿಯ ಗದ್ದೆಯ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿದೆವು, ತಮ್ಮನ ಹೆಸರಿಗೆ. ಯಾರೂ ಒತ್ತಾಯ ಮಾಡಿರಲಿಲ್ಲ. "ಒಬ್ಬರ ಹೆಸರಿಗಿದ್ರ ಕಾಗದಪತ್ರಕ್ಕ ಚಲೋ" ಅಂದಿದ್ದರು ಕಾಕಾ. ನಾನು ಓದಲೂ ಇಲ್ಲ. ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ತಮ್ಮ ಕೊಡಿಸಿದ ಕುಂದಾ ತಿಂದು, ಸಂಜೆಯ ಬಸ್ಸಿಗೆ ಪುಣೆಗೆ ಹೋದೆ. ಆಫೀಸಿನಲ್ಲಿ ಒಂದು ಆ್ಯಪ್‌ನ ನಿಯಮ ಷರತ್ತುಗಳನ್ನು ಪೂರ್ತಿ ಓದುವವಳು ನಾನು!

ಈಗ ಈ ಮನೆಯ ಲೆಕ್ಕಕ್ಕೆ ಬನ್ನಿ. ಹಿರಿಯಕ್ಕನ ಪಾಲು ಸೇರಿದ ಮೇಲೆ ಉಳಿದವರು ಬೆಲೆ ಏರಿಸಿದರು, ಎಳೆದಾಡಿ 80 ಲಕ್ಷಕ್ಕೆ ನಿಂತಿತು, ತಲೆಗೆ 16. ನನ್ನದು ಸಾಲ ಮತ್ತು ಉಳಿತಾಯ ಸೇರಿ 32 ಲಕ್ಷ. ತಮ್ಮನದು 48. ಪಾಲನ್ನು ಅರವತ್ತು ನಲವತ್ತು ಅಂತ ಪತ್ರದಲ್ಲಿ ಬರೆಸೋಣ ಅಂದ. ನ್ಯಾಯವಾಗಿಯೇ ಕೇಳುತ್ತಿದ್ದ. ಕ್ರಯಪತ್ರದಲ್ಲಿ ಪಾಲು ಬರೆಸದಿದ್ದರೆ ಮುಂದೆ ಯಾರು ಎಷ್ಟು ಹಾಕಿದರು ಎಂದು ಸಾಬೀತು ಮಾಡಬೇಕಾಗುತ್ತದೆ, ಆಗದಿದ್ದರೆ ಸಮಪಾಲು ಎಂದು ಕಾನೂನು ಭಾವಿಸುತ್ತದೆ. ಒಟ್ಟಿಗೆ ಮನೆ ಕೊಳ್ಳುವ ಅಣ್ಣತಂಗಿಯರು, ಗೆಳೆಯರು, ಗಂಡಹೆಂಡತಿ ಯಾರೇ ಇರಲಿ, ಪಾಲನ್ನು ಪತ್ರದಲ್ಲೇ ಬರೆಸಿಬಿಡಿ.

ಆದರೆ ಆ 48ರಲ್ಲಿ 16 ಲಕ್ಷ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ಹಲಸಿಯ ಗದ್ದೆಯ ಒಂದು ತುಂಡು ಮಾರಿದ ದುಡ್ಡು.

ಹೇಳಿದೆ. ಹೇಳುವಾಗ ದನಿ ನಡುಗಿತು, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು. ತಮ್ಮ "ನೀನs ಬಿಟ್ಟುಕೊಟ್ಟಿಯಲ್ಲ ಅಕ್ಕಾ" ಅಂದ. ಅದೂ ನಿಜವೇ. ಹನ್ನೊಂದು ದಿನ ನಾವು ವಾಟ್ಸ್‌ಆ್ಯಪ್‌ನಲ್ಲಿ ಬ್ಯಾಂಕಿನ ಕಾಗದ ಬಿಟ್ಟು ಬೇರೆ ಏನೂ ಮಾತಾಡಲಿಲ್ಲ.

ಆ ಹನ್ನೊಂದು ದಿನಗಳಲ್ಲಿ ಒಮ್ಮೆ ಹಲಸಿಗೆ ಹೋಗಿದ್ದೆ. ನಮ್ಮೂರಿಗೆ ಬರುವವರು ಭೂವರಾಹ ನರಸಿಂಹ ದೇವಸ್ಥಾನ ನೋಡುತ್ತಾರೆ. ಎದುರುಬದುರು ಎರಡು ಗರ್ಭಗುಡಿ, ಒಂದರಲ್ಲಿ ಭೂದೇವಿಯನ್ನು ಎತ್ತಿದ ವರಾಹ. ನೋಡಿ ಫೋಟೊ ತೆಗೆದು ಹೊರಡುತ್ತಾರೆ. ಊರಿನ ಹಳೇ ಹೆಸರು ಪಲಾಶಿಕಾ, ಬನವಾಸಿಯ ಕದಂಬರ ಎರಡನೇ ರಾಜಧಾನಿ ಎಂಬುದನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಆದರೆ ನನಗೆ ಆಗ ನೆನಪಾದದ್ದು ದೇವಸ್ಥಾನವಲ್ಲ, ತಾಮ್ರಪಟಗಳು. ಹತ್ತೊಂಬತ್ತನೇ ಶತಮಾನದಲ್ಲಿ ಊರಾಚೆಯ ದಿಬ್ಬದಲ್ಲಿ ಸಿಕ್ಕವು. ಜೆ.ಎಫ್. ಫ್ಲೀಟ್ 1870ರ ದಶಕದಲ್ಲಿ ಅವನ್ನು ಓದಿ ಪ್ರಕಟಿಸಿದ. ಎಲ್ಲವೂ ಭೂಮಿಯ ಕಾಗದಗಳೇ, ತಾಮ್ರದ ಮೇಲೆ ಬರೆದವು ಅಷ್ಟೇ.

ಅದರಲ್ಲಿ ಒಂದು ಕಥೆ ಇದೆ. ಕಾಕುತ್ಸ್ಥವರ್ಮ ತನ್ನ ಪ್ರಾಣ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದಲ್ಲಿ ಭೂಮಿ ಕೊಟ್ಟ. ಮೂರು ತಲೆಮಾರು ಕಳೆದು ರವಿವರ್ಮನ ಕಾಲದ ಪಟದಲ್ಲಿ ಹಿಂದಿನ ದಾನದ ಸರಣಿ ಬರುತ್ತದೆ. ಶ್ರುತಕೀರ್ತಿಯ ನಂತರ ಅದನ್ನು ಮೃಗೇಶವರ್ಮ ದಾಮಕೀರ್ತಿಯ ತಾಯಿಗೆ ಕೊಟ್ಟ, ಎಂದು. ಇಂದು ವಕೀಲರು ಮೂವತ್ತು ವರ್ಷದ ಸರಣಿ ಜೋಡಿಸುವ ಹಾಗೆಯೇ. ಶ್ರುತಕೀರ್ತಿಗೆ ಹೆಸರಿದೆ, ದಾಮಕೀರ್ತಿಗೆ ಹೆಸರಿದೆ, ಆತನ ಮಗ ಜಯಕೀರ್ತಿಗೂ ಹೆಸರಿದೆ. ಭೂಮಿ ಪಡೆದ ಹೆಂಗಸಿಗೆ ಮಾತ್ರ ದಾಮಕೀರ್ತಿಯ ತಾಯಿ ಎಂಬುದೇ ಹೆಸರು.

ಊಟಕ್ಕೆ ಕೂತಾಗ ಇದನ್ನು ಅವ್ವನಿಗೆ ಸುಮ್ಮನೆ ಹೇಳಿದೆ. ಅವ್ವ ನನ್ನ ತಾಟಿಗೆ ಅನ್ನ ಹಾಕುತ್ತ ಕೇಳಿದಳು: "ನೀವಿಬ್ರೂ ಆ ಹದಿನಾರು ಲಕ್ಷ ನಂದು ನಂದು ಅಂತ ಕಿತ್ತಾಡಾಕ್ಹತ್ತೀರಿ. ಆ ಗದ್ಯಾಗ ಮೂವತ್ತು ವರ್ಷ ನಾಟಿ ಮಾಡಿದಾಕಿ ಯಾರು?"

ಅದು ನನಗೆ ಹೊಳೆದೇ ಇರಲಿಲ್ಲ. ನ್ಯಾಯ ಕೇಳಲು ಹೊರಟಿದ್ದ ನಾನು ನನ್ನ ಸಹಿಯ ಪಕ್ಕದಲ್ಲೇ ಹೆಬ್ಬೆಟ್ಟು ಒತ್ತಿದ್ದವಳನ್ನು ಎಣಿಸಿರಲಿಲ್ಲ. ಮಿರಜಿನ ಅಕ್ಕನನ್ನು ಬಿಟ್ಟ ತಮ್ಮಂದಿರಿಗೂ ನನಗೂ ಎಷ್ಟು ದೂರ?

ಅಲ್ಲೇ ಕೂತು ತಮ್ಮನಿಗೆ ಫೋನ್ ಮಾಡಿದೆ. ಲೌಡ್‌ಸ್ಪೀಕರ್ ಹಾಕಿ ಅವ್ವನ ಕೈಗೆ ಕೊಟ್ಟೆ. ಆ ಕಡೆಯಿಂದ ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ "ಆತು" ಅಂದ.

2023ರ ಫೆಬ್ರವರಿಯಲ್ಲಿ ನೋಂದಣಿ. ಮಾರುವವರ ಕಡೆ ಐದು ಸಹಿ. ಐದನೆಯದು ಮಿರಜಿನ ಅಕ್ಕನದು, ಎಲ್ಲರಿಗಿಂತ ನಿಧಾನವಾಗಿ, ಪೂರ್ತಿ ಹೆಸರು ಬರೆದು. ತಮ್ಮಂದಿರು ಆಕೆಗೆ ಕುರ್ಚಿ ತಂದುಕೊಟ್ಟರು, ಅಷ್ಟರಮಟ್ಟಿಗೆ ಎಲ್ಲ ಸುಸೂತ್ರ. ಕೊಳ್ಳುವವರ ಕಡೆ ಮೂರು: ಅವ್ವನಿಗೆ ಶೇ 20, ನನಗೆ 40, ತಮ್ಮನಿಗೆ 40. ಖರ್ಚನ್ನೂ ಹೇಳಿಬಿಡುತ್ತೇನೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6, ನೋಂದಣಿ ಶೇ 1, ಒಟ್ಟು 5.28 ಲಕ್ಷ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ, ಈಗಾದರೆ ಇನ್ನೂ 80 ಸಾವಿರ ಹೆಚ್ಚು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು. ಐವರು ಮಾರುವವರು, ಮೂವರು ಕೊಳ್ಳುವವರು ಎಂದರೆ ಹದಿನೈದು ಫಾರ್ಮ್. ಒಂದು ಭಾನುವಾರ ಪೂರ್ತಿ ಹೋಯಿತು.

ಆಯಿ ಇದ್ದಾರೆ. ಅದೇ ಎರಡು ಕೋಣೆ. ಆಯಿ ಬದುಕಿರುವ ತನಕ ಬಿಡಿಸುವುದಿಲ್ಲ ಎಂದು ಬರೆದುಕೊಟ್ಟಿದ್ದೇವೆ, ಬಾಡಿಗೆ ಮಗನೇ ಹೇಳಿದಂತೆ 1,500. ಹೀಗೆ ಬರೆದರೆ ನಾವು ಬಹಳ ಒಳ್ಳೆಯವರು ಅನ್ನಿಸುತ್ತದೆ. ಹಾಗೇನಿಲ್ಲ. ಆ ಕಾಗದ ಬರೆಸುವ ಮುಂಚೆ ನಾನೂ ತಮ್ಮನೂ ಆಕೆಯ ವಯಸ್ಸಿನ ಲೆಕ್ಕ ಹಾಕಿದ್ದೆವು, ಬಾಯಿಬಿಟ್ಟು. ಬಾಡಿಗೆದಾರರಿದ್ದಾರೆ ಎಂಬ ಕಾರಣಕ್ಕೇ ಈ ಬೆಲೆಗೆ ಮನೆ ಸಿಕ್ಕಿತು ಎಂಬುದೂ ನಿಜ. ನನ್ನ ಮೇಜು ಈಗ ಮಾಳಿಗೆಯಲ್ಲಿದೆ, ಮಧ್ಯಾಹ್ನ ಹಂಚು ಕಾಯ್ದರೆ ಕೆಳಗೆ ಓಡಿಬರಬೇಕು. ಆಗ ಆಯಿಯ ಕೋಣೆಯೇ ಎಲ್ಲಕ್ಕಿಂತ ತಂಪು. ಮೀಟಿಂಗ್‌ಗಳನ್ನು ಎಷ್ಟೋ ಸಲ ಅಲ್ಲಿ ಕೂತೇ ಮುಗಿಸಿದ್ದೇನೆ. ಹಿಂದೆ ಕುಕ್ಕರ್ ಸೀಟಿ ಕೇಳಿದರೆ ಪುಣೆಯವರು ಈಗ ಕೇಳುವುದಿಲ್ಲ.

ರಿಪೇರಿ 14ರ ಬದಲು 17 ಲಕ್ಷ ತಿಂದಿತು. ತೊಲೆಯ ತುದಿಗಳನ್ನು ಕತ್ತರಿಸಿ ಹೊಸ ಮರ ಕೂಡಿಸಿದ್ದು ಖಾನಾಪುರದ ಬಡಿಗರು. ಹಿಂದಿನ ಗೋಡೆಯ ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ಮಾಡಿಸಿದೆವು. ಎರಡು ಮಳೆಗಾಲ ಕಳೆದ ಮೇಲೆ ಆ ಕಂದು ಗೆರೆ ಮಸುಕಾಗಿದೆ, ಹೋಗಿಲ್ಲ. ಮಾಳಿಗೆಯಲ್ಲಿ ಇನ್ನೂ ಒಂದು ಕಡೆ ಪಾತ್ರೆ ಇಡುತ್ತೇವೆ. ಪಕ್ಕದ ಮನೆಗೂ ನಮಗೂ ಸಾಮಾಯಿಕವಾದ ಗೋಡೆಯೊಂದಿದೆ, ಅದರ ಖರ್ಚು ಯಾರು ಎಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಕಟ್ಟೆಯ ಮೇಲೆ, ಚಹಾ ಕುಡಿಯುತ್ತ, ಎರಡೂ ಕಡೆಯವರು ಸೋಲದಂತೆ.

ಆ ವರ್ಷ ದಸರೆಗೆ ಮಿರಜಿನ ಅಕ್ಕ ಬಂದಿದ್ದರು. ಅಂಗಳದಲ್ಲಿ ನಿಂತು ನೆಲ ನೋಡಿದರು, ಮದುವೆಯ ಹಂದರದ ಕಂಬ ಇಲ್ಲಿತ್ತು ಎಂದು ಕಾಲಿನಿಂದ ತೋರಿಸಿದರು. ಆಯಿ "ಅಲ್ಲಲ್ಲ, ಇಲ್ಲಿ" ಎಂದು ಎರಡಡಿ ಆಚೆ ತೋರಿಸಿದರು. ಇಬ್ಬರೂ ಸಂಜೆ ತನಕ ಅದನ್ನೇ ವಾದಿಸಿದರು.

ಅವ್ವ ಈಗ ನಮ್ಮ ಜೊತೆಗೇ ಇದ್ದಾಳೆ. ಒಲೆ ಬೇರೆ. ತನ್ನ ಶೇ 20ಕ್ಕೆ ಉಯಿಲು ಬರೆಸುತ್ತೇನೆ ಅನ್ನುತ್ತಾಳೆ, ಯಾರಿಗೆ ಎಂದು ಮಾತ್ರ ಹೇಳುವುದಿಲ್ಲ. ನಾನೂ ತಮ್ಮನೂ ಆಕೆಗೆ ಬೆಳಗಿನ ಚಹಾ ಕೊಡುವುದರಲ್ಲಿ ಪೈಪೋಟಿಗೆ ಬಿದ್ದಿದ್ದೇವೆ. ಈಚೆಗೆ ಇ-ಖಾತಾಗೆ ಅರ್ಜಿ ಹಾಕುವಾಗ ಅವಸರದಲ್ಲಿ ನಾನು ಅವ್ವನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿಸಿ ಟೈಪ್ ಮಾಡಿದ್ದೆ. ಅವ್ವನಿಗೆ ಓದಲು ಬರುವುದು ತನ್ನ ಹೆಸರು ಮಾತ್ರ. ಕನ್ನಡಕ ಹಾಕಿ, ಕಾಗದ ಬಾಗಿಲ ಬೆಳಕಿಗೆ ಹಿಡಿದು, "ಇದು ನಂದಲ್ಲ" ಅಂದಳು. ತಿದ್ದಿಸಲು ಎರಡು ಸಲ ಹೋಗಿ ಬಂದಿದ್ದೇನೆ. ಸೋಮವಾರ ಮತ್ತೆ ಹೋಗಬೇಕು, ಈ ಸಲ ತಾನೂ ಬರುತ್ತೇನೆ ಅಂದಿದ್ದಾಳೆ.